ಮನೆ ಮಿಷನ್ನಿಗೆ ದೊಡ್ಡ ಕೋನ್

"ನೋಡ್ರಪ್ಪಾ ನೋಡಿ, ಮೂಗಿಗಿಂತ ಮೂಗುತಿ ಭಾರ!" ಎಂದರು ಮಾಸ್ಟರು, ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ. "ಇರೋದು ಅಂಗೈಯಗಲದ ಮನೆ ಮಿಷನ್ನು, ಅದಕ್ಕೆ ಕೋನ್ ದಾರ ಬೇರೆ! ಇಲಿ ಬೆನ್ನಿಗೆ ಅಂಬಾರಿ ಕಟ್ಟೋಕೆ ಹೊರಟಿದ್ದಾಳೆ ನಮ್ಮ ಲೂಪಮ್ಮ."

ಹೊಲಿಗೆ ಅಂಗಡಿ ತುಂಬ ಜನ. ಮಿಷನ್ನುಗಳ ಹಿಂದೆ ಕೂತಿದ್ದ ಮೂವರು ಟೈಲರುಗಳು ಕಾಲು ನಿಲ್ಲಿಸಿ ನಕ್ಕರು. ಇಸ್ತ್ರಿಯವನು ಪೆಟ್ಟಿಗೆ ಎತ್ತಿ ಹಿಡಿದುಕೊಂಡೇ ನಕ್ಕ. ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರು, ತಮಗೇನೂ ಅರ್ಥವಾಗದಿದ್ದರೂ, ಎಲ್ಲರೂ ನಗುತ್ತಿದ್ದಾರಲ್ಲ ಎಂದು ನಕ್ಕರು. ಅಕ್ಕ ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದಳು. ಚೀಲದ ಬಾಯಿಂದ ನಾಲ್ಕು ದಾರದ ಕೋನ್‌ಗಳು ತಲೆ ಹೊರಗೆ ಹಾಕಿದ್ದವು. ಒಂದೊಂದೂ ನೀರಿನ ಚೊಂಬಿನಷ್ಟು ದಪ್ಪ, ಮಾಸಲು ಹಸಿರು.

ಅಕ್ಕ ಕೇಳಿದ್ದು ಇಷ್ಟೇ: "ಮಾಸ್ಟರೇ, ಎರಡು ದಿನದ ಮಟ್ಟಿಗೆ ಒಂದು ಕೋನ್ ಸ್ಟ್ಯಾಂಡ್ ಕೊಡ್ತೀರಾ? ಸೋಮವಾರ ವಾಪಸ್ ತಂದುಕೊಡ್ತೀನಿ."

ಅವಳ ಹಿಂದೆ ನಿಂತಿದ್ದ ತಮ್ಮನಿಗೆ ಕಿವಿ ಬಿಸಿಯಾಯಿತು. ಮನೆಯಲ್ಲಿ, ಬೀದಿಯಲ್ಲಿ, ಕೆಲಸ ಮಾಡಿ ಬಿಟ್ಟ ಎಲ್ಲ ಕಡೆ ಅವನನ್ನು ಕಿಡಿ ಎಂದೇ ಕರೆಯುವುದು. ತೊಟ್ಟಿಲಲ್ಲಿದ್ದಾಗಲೇ ಅತ್ತ ಅಳುವಿಗೆ ಅಮ್ಮ ಇಟ್ಟ ಹೆಸರು; ಇಪ್ಪತ್ತೆರಡು ವರ್ಷವಾದರೂ ಅದು ಸುಳ್ಳಾಗಿಲ್ಲ.

"ಕೇಳಿದ್ದಕ್ಕೆ ಕೊಡ್ತೀನಿ ಅನ್ನಿ, ಇಲ್ಲ ಅನ್ನಿ," ಎಂದ ಕಿಡಿ. "ನಾಟಕ ಯಾಕೆ?"

"ಓಹೋ, ಏಳನೇ ಕ್ಲಾಸಿನ ಪಂಡಿತರೂ ಬಂದಿದ್ದಾರೆ!" ಮಾಸ್ಟರು ಕನ್ನಡಕ ಹಣೆಗೇರಿಸಿದರು. "ಗಾರ್ಮೆಂಟ್ಸಲ್ಲಿ ನಾಲ್ಕು ವರ್ಷ ಇದ್ದೆಯಲ್ಲಪ್ಪ, ಏನು ಮಾಡ್ತಿದ್ದೆ ಅಲ್ಲಿ? ಮಿಷನ್ನಿಂದ ಮಿಷನ್ನಿಗೆ ಕೋನ್ ಹೊರ್ತಿದ್ದೆ. ಕತ್ತೆ ಕಸ್ತೂರಿ ಹೊತ್ರೆ ವಾಸನೆ ಗೊತ್ತಾಗಿಬಿಡುತ್ತಾ? ಕೋನ್ ಓಡಬೇಕಾದ್ರೆ ದೊಡ್ಡ ಮಿಷನ್ ಬೇಕು, ಕಬ್ಬಿಣದ ಮೇಜು ಬೇಕು, ಕಲಿತ ಕೈ ಬೇಕು. ನಿಮ್ಮಕ್ಕಂಗೆ ಏಳು ವರ್ಷದಿಂದ ನಾನೇ ಲೂಪ್ ಹಾಕೋದು ಕೊಟ್ಟು ಸಾಕಿದ್ದೀನಿ. ಇವತ್ತು ನನ್ನ ಗಿರಾಕಿ ಮನೆಗೇ ಕಾಲಿಟ್ಟಿದ್ದಾಳೆ. ಹೋಗ್ಲಿ. ಸೋಮವಾರ ಆ ಪರದೆ ವಾಪಸ್ ಬಂದ ಮೇಲೆ ಇಲ್ಲಿ ಬಂದು ನಿಂತ್ರೆ ಲೂಪೂ ಇಲ್ಲ, ಗುಂಡಿಯೂ ಇಲ್ಲ. ಎಲ್ಲರ ಮುಂದೆ ಹೇಳ್ತಿದ್ದೀನಿ, ಕೇಳಿಸ್ಕೊಳ್ಳಿ."

ಕಿಡಿ ಒಂದು ಹೆಜ್ಜೆ ಮುಂದಿಟ್ಟ. ಅಕ್ಕ ಚೀಲವನ್ನು ಅವನ ಎದೆಗೆ ಒತ್ತಿದಳು, ಹಿಡಿದುಕೋ ಎನ್ನುವಂತೆ. ಎರಡು ಕೈಯಲ್ಲೂ ಕೋನ್ ಇದ್ದರೆ ಮನುಷ್ಯ ಯಾರಿಗೂ ಹೊಡೆಯಲಾರ. ಅಕ್ಕನಿಗೆ ಅದು ಗೊತ್ತಿತ್ತು.

ವಿಷಯ ಏನೆಂದರೆ, ದೊಡ್ಡಾಸ್ಪತ್ರೆಯ ವಾರ್ಡುಗಳಿಗೆ ಹಾಸಿಗೆ ಹಾಸಿಗೆಯ ನಡುವೆ ಎಳೆಯುವ ಪರದೆ ಬೇಕು. ವರ್ಷ ವರ್ಷ ಆ ಕೆಲಸ ಮಾಸ್ಟರಿಗೇ ಹೋಗುತ್ತಿತ್ತು. ಉದ್ದ ಹೊಲಿಗೆಯೆಲ್ಲ ಅಂಗಡಿಯ ದೊಡ್ಡ ಮಿಷನ್ನಿನಲ್ಲಿ. ಪರದೆಯ ನೆತ್ತಿಗೆ ಕೊಕ್ಕೆ ಸಿಕ್ಕಿಸುವ ಲೂಪುಗಳನ್ನು ಮಾತ್ರ ಅಕ್ಕ ಮನೆಯಲ್ಲಿ ಕೂತು ಹಾಕಿ ಕೊಡುವುದು. ಆಸ್ಪತ್ರೆಯ ಒಗೆಯುವ ವಿಭಾಗಕ್ಕೆ ಒಬ್ಬಾಕೆ ಯಜಮಾನಿ ಇದ್ದಾರೆ, ಲಾಂಡ್ರಿ ಅಮ್ಮ. ವಾರಕ್ಕೊಮ್ಮೆ ಪರದೆಗಳನ್ನು ದೊಡ್ಡ ಡ್ರಮ್ಮಿನಲ್ಲಿ ಹಾಕಿ ಕುದಿಸುವವರು ಅವರೇ. ಎಲ್ಲ ಪರದೆಗಳಲ್ಲೂ ಮೊದಲು ಬಿಚ್ಚಿಕೊಳ್ಳುವುದು ಅಂಚಿನ ಹೊಲಿಗೆ, ಲೂಪು ಮಾತ್ರ ಬಟ್ಟೆ ಹರಿದರೂ ಕೀಳುವುದಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. "ಈ ಲೂಪ್ ಹಾಕಿದ್ದು ಯಾರು?" ಎಂದು ಹುಡುಕಿಸಿದರು. ಹುಡುಕಿ ಅಕ್ಕನನ್ನು ಕರೆಸಿ, ಮೂರು ಪರದೆಯ ಬಟ್ಟೆ, ನಾಲ್ಕು ಕೋನ್ ದಾರ ಕೈಗಿಟ್ಟರು.

"ಬಟ್ಟೆ ನಂದು, ದಾರಾನೂ ನಂದೇ," ಎಂದಿದ್ದರು ಲಾಂಡ್ರಿ ಅಮ್ಮ. "ಅಂಗಡಿ ರೀಲು ಹಾಕ್ಬೇಡ, ನಾಲ್ಕು ಸಲ ಕುದಿಸಿದ್ರೆ ಬೂದಿ ಬಣ್ಣ ಆಗುತ್ತೆ. ಕುದಿ ತಡೆಯೋ ದಾರ ಕೋನಲ್ಲೇ ಬರೋದು. ಒಂದು ಅಂಚು ಶುರು ಮಾಡಿದ್ರೆ ಕೊನೆ ತನಕ ಒಂದೇ ದಾರ. ನಡುವೆ ಕಿತ್ತು ಗಂಟು ಹಾಕಿದ್ರೆ ನನ್ನ ಡ್ರಮ್ಮು ಅದೇ ಜಾಗದಲ್ಲಿ ಬಾಯಿ ಬಿಡಿಸುತ್ತೆ. ಸೋಮವಾರ ಬೆಳಿಗ್ಗೆ ಮೂರು ತಂದು ತೋರ್ಸು. ಸರಿಯಾಗಿದ್ರೆ ಉಳಿದ ಅರವತ್ತೂ ನಿಂದೇ. ಇಲ್ಲಾಂದ್ರೆ ಮಾಸ್ಟರಿಗೇ ಹೋಗುತ್ತೆ, ಬೇಜಾರು ಮಾಡ್ಕೋಬೇಡ."

ಅದಕ್ಕೇ ಶನಿವಾರ ಬೆಳಿಗ್ಗೆ ಅಂಗಡಿಗೆ ಹೋಗಿದ್ದು. ಹೋಗಿ ಉಗಿಸಿಕೊಂಡು ಬಂದದ್ದು.

ಮನೆಗೆ ಬರುವ ದಾರಿಯುದ್ದಕ್ಕೂ ಕಿಡಿ ಮಾತಾಡಿದ, ಅಕ್ಕ ಮಾತಾಡಲಿಲ್ಲ. ಮಾಸ್ಟರಿಗೆ ಏನೇನು ಹೇಳಬೇಕಿತ್ತು ಎಂಬುದನ್ನೆಲ್ಲ ಅವನು ಬೀದಿಯ ಮರಗಳಿಗೆ, ಲೈಟು ಕಂಬಗಳಿಗೆ, ನಿಂತ ಸ್ಕೂಟರುಗಳಿಗೆ ಹೇಳಿದ. ಮೂರನೇ ಮಹಡಿಯ ಮೆಟ್ಟಿಲು ಹತ್ತುವಾಗ ಉಸಿರು ಸಾಲದೆ ಸುಮ್ಮನಾದ.

ಮನೆಯೆಂದರೆ ಒಂದೂವರೆ ಕೋಣೆ. ಅರ್ಧ ಕೋಣೆಯಲ್ಲಿ ಒಲೆ. ಕಿಟಕಿಯ ಕೆಳಗೆ ಊಟದ ಮೇಜು, ಅದರ ಮೇಲೆ ಅಕ್ಕನ ಮಿಷನ್ನು: ಬಿಳಿ ಪ್ಲಾಸ್ಟಿಕ್ಕಿನ ಮೈ, ಬಗಲಿಗೆ ಒಂದು ಪುಟ್ಟ ಮೋಟರು. ಊಟದ ಹೊತ್ತಿಗೆ ಮಿಷನ್ನು ಮಂಚಕ್ಕೆ ಹೋಗುತ್ತದೆ, ಮಲಗುವ ಹೊತ್ತಿಗೆ ವಾಪಸ್ ಮೇಜಿಗೆ ಬರುತ್ತದೆ. ಅದರ ತಲೆಯ ಮೇಲೆ ರೀಲು ಸಿಕ್ಕಿಸುವ ಗೂಟ ಒಂದಿದೆ, ಕಿರುಬೆರಳಿನಷ್ಟು ಸಣ್ಣದು. ಆ ಗೂಟದ ಪಕ್ಕದಲ್ಲಿ ಅಕ್ಕ ಕೋನ್ ಇಟ್ಟು ನೋಡಿದಾಗ ಕಿಡಿಗೇ ನಗು ಬಂತು. ಆಮೇಲೆ ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಬಾಬಿನ್‌ಗೆ ಸುತ್ತಿ ಗೂಟಕ್ಕೆ ಹಾಕ್ತೀನಿ," ಎಂದಳು ಅಕ್ಕ. "ಎಲ್ಲರೂ ಹಾಗೇ ಮಾಡೋದು."

ಸೂಜಿಯ ಅಡಿ ಕೂರುವ ಆ ಪುಟ್ಟ ಚಕ್ರಗಳಿಗೆ ಕೋನಿನ ದಾರ ಸುತ್ತಿ, ಒಂದನ್ನು ಅಡಿಗೆ, ಒಂದನ್ನು ಮೇಲಿನ ಗೂಟಕ್ಕೆ ಸಿಕ್ಕಿಸಿದಳು. ಒಂದು ಗೇಣು ಹೊಲಿಗೆ ಚೆನ್ನಾಗಿಯೇ ಬಿತ್ತು. ಮೋಟರು ಸ್ವಲ್ಪ ವೇಗ ಹಿಡಿಯಿತೋ ಇಲ್ಲವೋ, ಹಗುರದ ಬಾಬಿನ್ನು ತಲೆ ತಿರುಗಿದವರ ಹಾಗೆ ಗಿರಗಿರನೆ ತಿರುಗಿತು. ಬೇಕಾದ್ದಕ್ಕಿಂತ ಹೆಚ್ಚು ದಾರ ಬಿಚ್ಚಿ, ಸುರುಳಿ ಸುತ್ತಿ, ಗೂಟಕ್ಕೇ ಉರುಲು ಹಾಕಿಕೊಂಡಿತು. ಟಪ್. ದಾರ ಕಿತ್ತಿತು. ಅಕ್ಕ ಹೊಲಿಗೆ ಬಿಚ್ಚಿದಳು, ಮತ್ತೆ ಹಾಕಿದಳು. ಟಪ್.

"ತಿರುಗೋದು ಹಗುರ ಇರೋದಕ್ಕೆ," ಎಂದ ಕಿಡಿ. "ಕೋನ್ ಭಾರ ಇದೆ. ಕೋನನ್ನೇ ಕೂರಿಸು."

"ಕೂರಲ್ಲ ಕಣೋ."

"ಕೂರುತ್ತೆ. ಯಾಕೆ ಕೂರಲ್ಲ? ಅವನು ಹೇಳ್ದ ಅಂತ ಕೂರಲ್ವಾ?"

"ಮೆಲ್ಲಗೆ..."

ಮೆಲ್ಲಗೆ ಎಂಬುದು ಕಿಡಿಯ ಜಾತಕದಲ್ಲೇ ಇರಲಿಲ್ಲ. ಕೋನಿನ ಬುಡದ ದೊಡ್ಡ ತೂತಿಗೆ ಬಾಟಲಿಯ ಮುಚ್ಚಳ ತುರುಕಿ, ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಮಾಡಿ, ಗೂಟದ ಮೇಲೆ ಒತ್ತಿ ಕೂರಿಸಿದ. ಕೋನು ಕೂತಿತು. ಅಕ್ಕ ಪೆಡಲ್ ಒತ್ತಿದಳು. ಸೂಜಿ ಎಳೆದಾಗ ಕೋನು ತಿರುಗಲೊಲ್ಲದು, ತಿರುಗಿದರೆ ನಿಲ್ಲಲೊಲ್ಲದು. ಹಠ ಹಿಡಿದ ಎಮ್ಮೆಯನ್ನು ಹಗ್ಗ ಹಿಡಿದು ಎಳೆದ ಹಾಗೆ ದಾರ ಒಮ್ಮೆ ಬಿಗಿ, ಒಮ್ಮೆ ಸಡಿಲ. ಹೊಲಿಗೆ ಒಂದು ಕಡೆ ಬಟ್ಟೆಯನ್ನು ಸುಕ್ಕು ಮಾಡಿತು, ಇನ್ನೊಂದು ಕಡೆ ಜೋತು ಬಿತ್ತು. ಕಿಡಿ ದಾರದ ಬಿಗಿ ಹೊಂದಿಸುವ ಟೆನ್ಷನ್ ಗುಂಡಿಯನ್ನು ತಿರುಗಿಸಿ ಬಿಗಿ ಮಾಡಿದ. ಇನ್ನೂ ಬಿಗಿ ಮಾಡಿದ. "ಸಾಕು ಬಿಡೋ" ಎಂದು ಅಕ್ಕ ಹೇಳುವಷ್ಟರಲ್ಲಿ, ಕೋನು ಒಂದು ಸಲ ಅಲ್ಲಾಡಿ, ಗೂಟವನ್ನು ಬುಡದ ಹತ್ತಿರವೇ ಮುರಿದುಕೊಂಡು ನೆಲಕ್ಕೆ ಉರುಳಿ ಮಂಚದ ಕೆಳಗೆ ಹೋಯಿತು.

ಮಿಷನ್ನಿನ ತಲೆಯ ಮೇಲೆ ಅಕ್ಕಿಕಾಳಿನಷ್ಟು ಮೋಟು ಉಳಿದಿತ್ತು.

ಒಲೆಯ ಹತ್ತಿರ ಕೂತಿದ್ದ ಅಮ್ಮ, "ಏನು ಬಿತ್ತು?" ಎಂದಳು.

"ನನ್ನ ಹಣೆಬರಹ," ಎಂದಳು ಅಕ್ಕ. "ಇನ್ನು ಈ ಮಿಷನ್ನಿಗೆ ಸಣ್ಣ ರೀಲೂ ಹಾಕೋ ಹಾಗಿಲ್ಲ."

ಅವಳು ಎದ್ದು ಮುಖ ತೊಳೆದುಕೊಂಡು ಬಂದು, ಬಟ್ಟೆಯನ್ನು ಮಡಚತೊಡಗಿದಳು. ಮಡಿಕೆಯ ಮೇಲೆ ಮಡಿಕೆ, ಅಂಚಿಗೆ ಅಂಚು ಕೂರಿಸಿ. ಅದನ್ನು ನೋಡಿ ಕಿಡಿಗೆ ಹೆದರಿಕೆಯಾಯಿತು.

"ಎಲ್ಲಿಗೆ?"

"ಅಂಗಡಿಗೆ. ಮಾಸ್ಟರ ಕಾಲು ಹಿಡಿದಾದ್ರೂ ಅಲ್ಲೇ ಒಂದು ಮಿಷನ್ನಲ್ಲಿ ಹೊಲ್ಕೊಂಡು ಬರ್ತೀನಿ."

ಕಿಡಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಹೋಗೋ ಹಾಗಿಲ್ಲ. ಅಷ್ಟು ಜನದ ಮುಂದೆ ಅಂದಿದ್ದಾನೆ. ನನಗೆ ಮಾನ ಇಲ್ವಾ?"

"ನಿನಗಾ?" ಅಕ್ಕ ಬಟ್ಟೆ ಕೆಳಗಿಟ್ಟಳು. ಅವಳ ದನಿ ಏರಲಿಲ್ಲ, ಅದೇ ಕಷ್ಟ. "ಅವನು ಅಂದಿದ್ದು ಯಾರಿಗೆ? ಲೂಪಮ್ಮ ಯಾರು, ನೀನಾ? ಏಳು ವರ್ಷ ನಾನು ನುಂಗಿದ್ದು ನಿನಗೆ ಕಾಣ್ಲಿಲ್ಲ. ಇವತ್ತು ಒಂದು ದಿನ ಪಕ್ಕದಲ್ಲಿ ನಿಂತು ಕೇಳಿಸ್ಕೊಂಡೆ, ಮಾನವೆಲ್ಲ ನಿಂದೇ ಆಗಿಹೋಯ್ತು. ಮುರಿದಿದ್ದೂ ನನ್ನ ಮಿಷನ್ನೇ. ನಿನ್ನ ಸಿಟ್ಟಿಗೆ ಯಾವಾಗ್ಲೂ ನನ್ನ ಸಾಮಾನೇ ಬೇಕಾ?"

ಕಿಡಿ ಬಾಗಿಲಿನಿಂದ ಬೆನ್ನು ತೆಗೆದ.

"ನಾಳೆ ಸಂಜೆ ತನಕ ಟೈಮ್ ಕೊಡು," ಎಂದ ಕೊನೆಗೆ. "ಆಗ್ಲಿಲ್ಲ ಅಂದ್ರೆ ನಾನೇ ಹೋಗಿ ಅವನ ಕಾಲು ಹಿಡೀತೀನಿ. ನೀನಲ್ಲ, ನಾನು."

"ನೀನು ಕಾಲು ಹಿಡಿದ್ರೆ ಅವನು ಬೀಳ್ತಾನೆ," ಎಂದಳು ಅಮ್ಮ ಒಲೆಯ ಕಡೆಯಿಂದ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಹೋಗುವುದು ಕಷ್ಟ. ಕೂತಳು.

ಕಿಡಿ ಮಂಚದ ಕೆಳಗೆ ತೆವಳಿ ಕೋನನ್ನು ಹೊರತೆಗೆದ. ಧೂಳು ಒರೆಸಿ, ಮೇಜಿನ ಮೇಲೆ ನಿಲ್ಲಿಸಿ, ಅದರ ಎದುರು ಕೂತು ದಿಟ್ಟಿಸಿದ. ನಾಲ್ಕು ವರ್ಷ ಹೊತ್ತಿದ್ದಾನೆ ಇದನ್ನು. ದಿನಕ್ಕೆ ಎಷ್ಟು ನೂರು ಹೊತ್ತನೋ. ಖಾಲಿಯಾದದ್ದನ್ನು ಕೀಳು, ತುಂಬಿದ್ದನ್ನು ಹಾಕು, ಹಳೆಯ ದಾರದ ತುದಿಗೆ ಹೊಸ ದಾರದ ತುದಿ ಕಟ್ಟು, ಮುಂದಿನ ಮಿಷನ್ನಿಗೆ ಓಡು. ಸೂಪರ್‌ವೈಸರ್ ಹಿಂದೆಯೇ ಕೂಗುತ್ತ ಬರುತ್ತಿದ್ದ. ಕೋನ್ ಹೇಗೆ ಓಡುತ್ತದೆ ಎಂದು ನಿಂತು ನೋಡಲು ಯಾರು ಬಿಟ್ಟರು? ಮಾಸ್ಟರು ಹೇಳಿದ್ದು ಅಲ್ಲಿಯೇ ಚುಚ್ಚಿದ್ದು. ಕತ್ತೆ ಎಂದದ್ದಕ್ಕಲ್ಲ, ಅದು ಅರ್ಧ ನಿಜವಾಗಿದ್ದದ್ದಕ್ಕೆ.

ಕಣ್ಣು ಮುಚ್ಚಿ ಕೈ ಆಡಿಸಿದ. ಕಣ್ಣು ನೋಡದಿದ್ದದ್ದು ಕೈಗೆ ನೆನಪಿತ್ತು. ಕೋನನ್ನು ಸರಳಿಗೆ ಇಳಿಸುವುದು. ದಾರದ ತುದಿ ಹಿಡಿದು ಕೈ ಮೇಲೆತ್ತುವುದು. ಹೌದು, ಮೇಲಕ್ಕೆ! ತಲೆಗಿಂತ ಎತ್ತರಕ್ಕೆ ಎತ್ತಿ, ಒಂದು ಕೊಕ್ಕೆಯೊಳಗೆ ತೂರಿಸಿ, ಆಮೇಲೆ ಕೆಳಗೆ ಮಿಷನ್ನಿಗೆ. ಮತ್ತೆ ಕೋನು? ಅದು ತಿರುಗುತ್ತಲೇ ಇರಲಿಲ್ಲ. ಕಲ್ಲಿನ ಹಾಗೆ ನಿಂತಿರುತ್ತಿತ್ತು. ದಾರವಷ್ಟೇ ಅದರ ನೆತ್ತಿಯಿಂದ ಹಾವಿನ ಪೊರೆಯ ಹಾಗೆ ಕಳಚಿಕೊಂಡು ಮೇಲೇಳುತ್ತಿತ್ತು.

"ಅಕ್ಕಾ, ಇದು ತಿರುಗಬಾರದು! ರೀಲು ತಿರುಗುತ್ತೆ, ಕೋನ್ ತಿರುಗಲ್ಲ. ನಾವು ಅದನ್ನ ತಿರುಗಿಸೋಕೆ ಹೋಗಿ ಕೆಟ್ವಿ. ದಾರ ಮೇಲಿಂದ ಬರಬೇಕು."

"ಮೇಲಿಂದ ಅಂದ್ರೆ?"

ಅವನು ಆಗಲೇ ಸ್ಟೂಲಿನ ಮೇಲೆ ಹತ್ತಿದ್ದ. ಮೇಲೆ ಎಂದರೆ ಕಿಡಿಗೆ ಛಾವಣಿಯೇ. ಬಟ್ಟೆ ಒಣಗಿಸುವ ತಂತಿಯ ಮೇಲಿಂದ ದಾರ ಇಳಿಬಿಟ್ಟ, ಕೋನನ್ನು ಮಿಷನ್ನಿನ ಹಿಂದೆ ಒಂದು ತಟ್ಟೆಯಲ್ಲಿ ನಿಲ್ಲಿಸಿದ. ಅಕ್ಕ ಪೆಡಲ್ ಒತ್ತಿದಳು. ದಾರ ಕಿಟಕಿಯ ಗಾಳಿಗೆ ಓಲಾಡಿತು, ಓರೆಯಾಗಿ ಎಳೆದು ಕೋನಿನ ಭುಜಕ್ಕೆ ಉಜ್ಜಿತು, ಕೋನು ತಟ್ಟೆಯಲ್ಲಿ ಮಗುಚಿತು. ತಂತಿಯ ಮೇಲಿದ್ದ ಅಮ್ಮನ ಟವೆಲ್ಲು ಅಕ್ಕನ ತಲೆಯ ಮೇಲೆ ಬಿತ್ತು.

"ಮಿಷನ್ನಿಗೆ ನೇಣು ಹಾಕ್ತಿದ್ದಾನಾ?" ಎಂದಳು ಅಮ್ಮ.

ಶನಿವಾರ ಹಾಗೇ ಹೋಯಿತು.

ಭಾನುವಾರ ಬೆಳಿಗ್ಗೆ ಕಿಡಿ ಕೋನಿನ ದಾರವನ್ನು ಬರೀ ಬೆರಳಲ್ಲಿ ಹಿಡಿದು ಎಳೆಯುತ್ತ ಕೂತ. ಎಡಕ್ಕೆ ಎಳೆದರೆ ತಡೆಯುತ್ತದೆ. ಬಲಕ್ಕೆ ಎಳೆದರೂ ತಡೆಯುತ್ತದೆ. ತನ್ನ ಕಡೆಗೆ ಎಳೆದರೆ ಕೋನೇ ಕುಣಿಯುತ್ತದೆ. ಕೈಯನ್ನು ಕೋನಿನ ನೆತ್ತಿಯ ನಟ್ಟನಡುವೆ, ಮೊಳದುದ್ದ ಮೇಲೆ ಹಿಡಿದು ಎಳೆದರೆ ಮಾತ್ರ ದಾರ ಉಸಿರಾಡುವಷ್ಟು ಸದ್ದೂ ಮಾಡದೆ ಬರುತ್ತದೆ. ಒಂದು ಬೆರಳು ಆಚೀಚೆ ಆದರೆ ಮತ್ತೆ ತಡೆ. ಎತ್ತರಕ್ಕಿಂತ ನೇರ ಮುಖ್ಯ. ಹತ್ತು ಸಲ ಎಳೆದ. ಇಪ್ಪತ್ತು ಸಲ ಎಳೆದ. ಅವನ ಜೀವಮಾನದಲ್ಲಿ ಅಷ್ಟು ಹೊತ್ತು ಒಂದೇ ಜಾಗದಲ್ಲಿ ಕೂತದ್ದು ಅದೇ ಮೊದಲು. ಅಮ್ಮ ಬಂದು ಹಣೆ ಮುಟ್ಟಿ ಜ್ವರ ನೋಡಿ ಹೋದಳು.

ಆಮೇಲೆ ಅವನು ಬಾಗಿಲ ಹಿಂದಿನ ಮುರುಕು ಛತ್ರಿಯನ್ನು ಎತ್ತಿಕೊಂಡ.

"ಅದು ನಂದು," ಎಂದಳು ಅಮ್ಮ.

"ಮೂರು ಕಡ್ಡಿ ಮುರಿದಿದೆಯಲ್ಲಮ್ಮ."

"ಐದು ಸರಿ ಇದೆ. ಮಳೆ ಬಂದ್ರೆ ನಿನ್ನ ಕೋನ್ ಹಿಡ್ಕೊಂಡು ಹೋಗ್ಲಾ ನಾನು?"

"ಹೊಸದು ತಂದುಕೊಡ್ತೀನಿ."

"ಹೋದ ಸಲವೂ ಹೀಗೇ ಅಂದಿದ್ದೆ. ಆ ಹೊಸದು ಇನ್ನೂ ಬರ್ತಾನೇ ಇದೆ, ದಾರಿ ತಪ್ಪಿದೆಯೋ ಏನೋ," ಎಂದಳು ಅಮ್ಮ. ಆದರೆ ಛತ್ರಿಯ ಬಟ್ಟೆ ಬಿಚ್ಚಲು ತಾನೇ ಕತ್ತರಿ ತಂದುಕೊಟ್ಟಳು.

ಬಣ್ಣದ ಡಬ್ಬಿಯೊಂದಕ್ಕೆ ಮರಳು ತುಂಬಿ ಅದರಲ್ಲಿ ಛತ್ರಿಯ ಕೋಲನ್ನು ನೆಟ್ಟ. ಕೋಲಿನ ತುದಿಗೆ ಒಂದು ಕಡ್ಡಿಯನ್ನು ಅಡ್ಡವಾಗಿ ಬಿಗಿದು, ಕೊಕ್ಕರೆಯ ಕತ್ತಿನ ಹಾಗೆ ಬಗ್ಗಿಸಿದ. ಕಡ್ಡಿಯ ತುದಿಯಲ್ಲಿ ಬಟ್ಟೆ ಕಟ್ಟುವ ಪುಟ್ಟ ಕಣ್ಣೊಂದಿತ್ತು. ದಾರ ಪೋಣಿಸಿ ನೋಡಿದ. ಕಣ್ಣಿನ ಅಂಚು ಹರಿತ, ದಾರದ ಮೈ ಕೆರೆದು ಜುಂಗು ಎದ್ದಿತು. ಅಕ್ಕ ತನ್ನ ಅಂಗಿಯಿಂದ ಸೇಫ್ಟಿ ಪಿನ್ನು ಬಿಚ್ಚಿ ಕೊಟ್ಟಳು. ಪಿನ್ನಿನ ಬುಡದಲ್ಲಿ ತಂತಿ ಸುತ್ತಿದ ಉಂಗುರವಿರುತ್ತದಲ್ಲ, ಅದು ನುಣುಪು. ಅದನ್ನು ಕಡ್ಡಿಯ ತುದಿಗೆ ಕಟ್ಟಿದರು. ಅದರಡಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲದ ಹಾಗೆ, ಅದೇ ತಟ್ಟೆಯಲ್ಲಿ ಕೋನನ್ನು ನಿಲ್ಲಿಸಿದರು.

ಮುರಿದ ಗೂಟದ ಮೋಟಿನ ಹತ್ತಿರ ಇನ್ನೊಂದು ಪಿನ್ನನ್ನು ಟೇಪು ಹಾಕಿ ಅಂಟಿಸಿದ್ದು ಅಕ್ಕ. "ರೀಲು ಇದ್ದಿದ್ರೆ ದಾರ ಇಲ್ಲಿಂದ ತಾನೇ ಹೊರಡ್ತಿದ್ದಿದ್ದು? ಮಿಷನ್ನಿಗೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗಬಾರದು. ಗೂಟದಿಂದಾನೇ ಬಂತು ಅಂದ್ಕೊಳ್ಳಲಿ."

ಮೊದಲು ಬಾಬಿನ್ ಸುತ್ತಿದಳು, ಅದೇ ಕೋನಿನಿಂದ. ಆಮೇಲೆ ಹರಕು ಬಟ್ಟೆಯ ಮೇಲೆ ಒಂದು ಹೊಲಿಗೆ. ಮಿಷನ್ನು ಓಡಿತು. ಒಂದು ಮೊಳ, ಎರಡು ಮೊಳ... ಟಪ್.

"ಥೂ!" ಕಿಡಿ ಡಬ್ಬಿಗೆ ಒದೆಯಲು ಕಾಲೆತ್ತಿದ.

"ಕಾಲು ಇಳಿಸು," ಎಂದಳು ಅಕ್ಕ. "ನೋಡು ಮೊದಲು. ಎಲ್ಲಿ ಕಿತ್ತಿದೆ?"

ನೋಡಿದ. ನುಣುಪು ದಾರ ಕೋನಿನ ಮೈಯಿಂದ ಜಾರಿ, ಬುಡಕ್ಕೆ ಬಿದ್ದು, ತಟ್ಟೆಗೂ ಕೋನಿಗೂ ನಡುವೆ ಸಿಕ್ಕಿಕೊಂಡಿತ್ತು. ಕಿಡಿಗೆ ಕಾರ್ಖಾನೆಯ ಸ್ಟ್ಯಾಂಡಿನಡಿ ಇರುತ್ತಿದ್ದ ಕೊಳಕು ಸ್ಪಂಜಿನ ಬಿಲ್ಲೆಗಳು ಕಣ್ಣ ಮುಂದೆ ಬಂದವು. ಕಸ ಎಂದುಕೊಂಡು ಎಷ್ಟನ್ನು ಗುಡಿಸಿ ಎಸೆದಿದ್ದನೋ! ಆವತ್ತು ಸೂಪರ್‌ವೈಸರ್ ಯಾಕೆ ಅಷ್ಟು ಕೂಗಿದ ಎಂಬುದು ಇವತ್ತು ತಿಳಿಯಿತು. ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಕತ್ತರಿಸಿ ಕೋನಿನಡಿ ಇಟ್ಟ. ಇನ್ನು ದಾರ ಬುಡಕ್ಕೆ ಜಾರಿದರೂ ಸಿಕ್ಕಿಕೊಳ್ಳಲು ಸಂದಿಯಿರಲಿಲ್ಲ. ಅಕ್ಕ ಅವನು ಬಿಗಿ ಮಾಡಿಟ್ಟಿದ್ದ ಟೆನ್ಷನ್ ಗುಂಡಿಯನ್ನು ಒಂದಿಷ್ಟು ಸಡಿಲಿಸಿದಳು, ಇನ್ನೊಂದಿಷ್ಟು.

ಪೆಡಲ್ ಒತ್ತಿದಳು.

ದಾರ ಎದ್ದಿತು. ಕೋನಿನ ಸುತ್ತ ಕಾಣುವುದೋ ಕಾಣದೋ ಎಂಬಂತೆ ಸುತ್ತುತ್ತ, ಪಿನ್ನಿನ ಉಂಗುರದೊಳಗೆ ನುಸುಳಿ, ಇಳಿದು, ಸೂಜಿಗೆ ಹೋಯಿತು. ಕೋನು ಕಲ್ಲಿನ ಹಾಗೆ ನಿಂತಿತ್ತು. ಮಿಷನ್ನಿನ ಸದ್ದೇ ಬೇರೆಯಾಯಿತು. ಇಷ್ಟು ವರ್ಷ ಕೆಮ್ಮುತ್ತಿದ್ದದ್ದು ಗಂಟಲು ಸರಿಪಡಿಸಿಕೊಂಡ ಹಾಗೆ. ಹರಕು ಬಟ್ಟೆ ಮುಗಿಯಿತು. ಅಕ್ಕ ಹೊಲಿಗೆಯನ್ನು ತಿರುಗಿಸಿ ನೋಡಿದಳು, ಅಡಿಯಲ್ಲೂ ಮೇಲೂ ಒಂದೇ. ಪರದೆಯ ಬಟ್ಟೆಯನ್ನು ಮೇಜಿಗೆ ಎಳೆದುಕೊಂಡಳು.

ಆರು ಮೀಟರಿನ ಅಂಚು. ಮನೆಯ ಈ ಗೋಡೆಯಿಂದ ಆ ಗೋಡೆಗೂ ಅಷ್ಟು ಉದ್ದವಿಲ್ಲ. ಅಕ್ಕ ಹೊಲಿಯುತ್ತಿದ್ದರೆ ಕಿಡಿ ಬಟ್ಟೆಯನ್ನು ಮುಂದಕ್ಕೆ ಎತ್ತಿ ಕೊಡುತ್ತಿದ್ದ, ಹೊಲಿದು ಬಂದದ್ದನ್ನು ಅಮ್ಮ ಮಂಚದ ಮೇಲೆ ಕೂತು ತೊಡೆಗೆ ಎಳೆದುಕೊಳ್ಳುತ್ತಿದ್ದಳು. ಒಂದು ಅಂಚು, ಒಂದು ದಾರ. ಎರಡನೇ ಅಂಚು. ಕೆಳಗಿನ ಬೀದಿಯಲ್ಲಿ ಭಾನುವಾರದ ಆಟದ ಗದ್ದಲ ಏರಿ ಇಳಿಯಿತು. ಮಧ್ಯಾಹ್ನದ ಊಟ ನೆಲದ ಮೇಲೆ ಆಯಿತು, ಮಿಷನ್ನು ಮೇಜು ಬಿಟ್ಟು ಏಳಲಿಲ್ಲ. ಬಿಸಿಲು ಕಿಟಕಿ ಬಿಡುವ ಮೊದಲೇ ಮೂರು ಪರದೆಗಳೂ ಲೂಪುಸಮೇತ ಮಂಚದ ಮೇಲೆ ಮಡಚಿ ಕೂತಿದ್ದವು. ಕೋನು ನೋಡಿದರೆ ಮುಟ್ಟಿಯೇ ಇಲ್ಲವೇನೋ ಅನ್ನುವ ಹಾಗಿತ್ತು.

"ಈ ಒಂದು ಕೋನ್ ಮುಗಿಯೋದ್ರೊಳಗೆ ನಾನು ಮುಗೀತೀನಿ," ಎಂದಳು ಅಮ್ಮ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಹಿಂಬಾಗಿಲಿಗೆ ಹೋದರು. ಲಾಂಡ್ರಿಯ ಕೋಣೆ ಹಬೆಯಿಂದ ತುಂಬಿತ್ತು. ಗೋಡೆ ಬೆವರುತ್ತಿತ್ತು, ಗಾಡಿಗಟ್ಟಲೆ ಹಾಸಿಗೆ ಬಟ್ಟೆ, ಒಗೆಯುವವರು ಏಳೆಂಟು ಜನ. ಮತ್ತೆ ಅಲ್ಲೇ, ಮೇಜಿನ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾಸ್ಟರು. ಡಾಕ್ಟರುಗಳ ಕೋಟು ಕೊಡಲು ಬಂದದ್ದು ಎಂದರು. ಕೋಟು ಎರಡೇ ಇದ್ದವು.

ಲಾಂಡ್ರಿ ಅಮ್ಮ ಮೊದಲನೇ ಪರದೆಯನ್ನು ಮೇಜಿನ ಮೇಲೆ ಹರಡಿ, ಹೆಬ್ಬೆರಳಿನ ಉಗುರನ್ನು ಹೊಲಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದರು. ಗಂಟಿದ್ದರೆ ಉಗುರು ತಡವರಿಸಬೇಕು. ತಡವರಿಸಲಿಲ್ಲ. ಎರಡನೆಯದು. ಮೂರನೆಯದು. ಆಮೇಲೆ ಮೂರನೆಯದನ್ನೇ ಎತ್ತಿ, "ಇದನ್ನ ಡ್ರಮ್ಮಿಗೆ ಹಾಕ್ರೋ," ಎಂದರು.

ಕಾದರು. ಅಕ್ಕ ಬೆಂಚಿನ ತುದಿಯಲ್ಲಿ ಕೂತು, ಕೈಯನ್ನು ಕೈಯೊಳಗೆ ಹಿಡಿದಿದ್ದಳು. ಕಿಡಿ ನಿಂತೇ ಇದ್ದ. ಡ್ರಮ್ಮು ಗುಡುಗುಡು ಎನ್ನುತ್ತಿತ್ತು. ಮಾಸ್ಟರೂ ಹೋಗಲಿಲ್ಲ.

ಹಬೆಯಾಡುವ ಪರದೆಯನ್ನು ಇಬ್ಬರು ಕೋಲಿನಿಂದ ಎತ್ತಿ ತಂದು ಮೇಜಿಗೆ ಹಾಕಿದರು. ಲಾಂಡ್ರಿ ಅಮ್ಮ ಬಿಸಿಗೆ ಕೈ ಒದರುತ್ತಲೇ ಅಂಚನ್ನು ಎರಡೂ ಕಡೆಯಿಂದ ಹಿಡಿದು ಜಗ್ಗಿದರು. ಪಕ್ಕದಲ್ಲಿದ್ದ ಗಟ್ಟಿಮುಟ್ಟಾದ ಒಗೆಯುವವನ ಕೈಗೆ ಕೊಟ್ಟು, "ಜಗ್ಗು" ಎಂದರು. ಅವನು ಜಗ್ಗಿದ. ಹೊಲಿಗೆ ಕೂತಲ್ಲೇ ಕೂತಿತ್ತು, ಬಣ್ಣ ಬಟ್ಟೆಯ ಬಣ್ಣವೇ.

"ಅಮ್ಮಾವ್ರೇ, ಒಂದು ಮಾತು," ಎಂದರು ಮಾಸ್ಟರು ನಗುತ್ತ, ಎಲ್ಲರಿಗೂ ಕೇಳುವ ಹಾಗೆ. "ಕೆಲಸ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಇದು ಮನೆ ಮಿಷನ್ನಲ್ಲಿ ಆದ ಕೆಲಸ ಅಲ್ಲ. ಮೂವತ್ತು ವರ್ಷದ ಕಣ್ಣು ಇದು. ಎಲ್ಲೋ ಕಾರ್ಖಾನೇಲಿ ಕದ್ದು ಹೊಲಿಸ್ಕೊಂಡು ಬಂದಿದ್ದಾರೆ. ಅರವತ್ತು ಕೊಟ್ರೆ ಆಗ ಗೊತ್ತಾಗುತ್ತೆ ಬಂಡವಾಳ."

ಒಗೆಯುವವರೆಲ್ಲ ಕೈ ನಿಲ್ಲಿಸಿ ನೋಡಿದರು. ಕಿಡಿಯ ಕುತ್ತಿಗೆಯ ನರ ಎದ್ದಿತು. ಆದರೆ ಅವನಿಗಿಂತ ಮೊದಲು ಅಕ್ಕ ಎದ್ದಿದ್ದಳು.

"ನನ್ನ ಮಿಷನ್ನಲ್ಲೇ ಹೊಲಿದಿದ್ದು," ಎಂದಳು, ಮಾಸ್ಟರ ಮುಖವನ್ನೇ ನೋಡುತ್ತ. "ಏಳು ವರ್ಷ ನಿಮ್ಮ ಲೂಪು ಹಾಕಿದ್ದೂ ಅದರಲ್ಲೇ. ಆಗ ಯಾಕೆ ಅನುಮಾನ ಬರ್ಲಿಲ್ಲ ಮಾಸ್ಟರೇ? ಅಮ್ಮಾವ್ರೇ, ಮೂರನೇ ಮಹಡಿ ನಮ್ಮದು. ಈಗ್ಲೇ ಬನ್ನಿ, ನಿಮ್ಮ ಕಣ್ಣೆದುರೇ ಇನ್ನೊಂದು ಹೊಲಿದು ತೋರಿಸ್ತೀನಿ."

ಲಾಂಡ್ರಿ ಅಮ್ಮ ಪರದೆಯ ಅಂಚನ್ನು ಮಗುಚಿ, ಬೆಳಕಿಗೆ ಹಿಡಿದು, ಕಣ್ಣು ಸಣ್ಣ ಮಾಡಿದರು.

"ನಾನ್ಯಾಕೆ ಅಷ್ಟು ಮೆಟ್ಟಿಲು ಹತ್ತಲಿ? ನಿಮ್ಮ ದೊಡ್ಡ ಮಿಷನ್ನಲ್ಲಿ ಬಟ್ಟೆ ಮುಂದಕ್ಕೆ ತಳ್ಳೋ ಹಲ್ಲು ಅಡಿಯಿಂದ ಕಚ್ಚಿ ಗೆರೆ ಬಿಡುತ್ತೆ ಮಾಸ್ಟರೇ. ಎಷ್ಟು ವರ್ಷದಿಂದ ನೋಡ್ತಿದ್ದೀನಿ, ಕುದಿಸಿದ್ರೂ ಹೋಗಲ್ಲ. ಇದರಲ್ಲಿ ಗೆರೆ ಇಲ್ಲ. ಸಣ್ಣ ಹಲ್ಲು, ಮನೆ ಮಿಷನ್ನೇ ಇದು." ಆಮೇಲೆ ಒಳಗೆ ತಿರುಗಿ ಕೂಗಿದರು, "ಆ ಪರದೆ ಬಟ್ಟೆ ಗಂಟುಗಳನ್ನ ಈಚೆಗೆ ತನ್ನಿ. ಈ ಅಮ್ಮಂಗೆ ಕೊಡೋದು."

ಯಾರೋ ಹಿಂದಿನಿಂದ "ಹ್ಞೂಂ!" ಎಂದರು. ಯಾರೋ ನಕ್ಕರು. ಗಂಟುಗಳು ಬಂದವು, ಒಂದೊಂದೂ ಒಬ್ಬ ಮನುಷ್ಯನಷ್ಟು ತೂಕ. ಅಕ್ಕ ಕಾಗದಕ್ಕೆ ತನ್ನ ರುಜು ಹಾಕಿದಳು. ನಿಧಾನವಾಗಿ ಹಾಕಿದಳು, ಲಾಂಡ್ರಿ ಅಮ್ಮ ಆತುರ ಮಾಡಲಿಲ್ಲ.

ಕಿಡಿ ಮೊದಲನೇ ಗಂಟನ್ನು ಹೆಗಲಿಗೆ ಎತ್ತಲು ಬಗ್ಗಿದಾಗ ಮಾಸ್ಟರು ಹತ್ತಿರ ಬಂದರು. ಮುಖದಲ್ಲಿ ನಗು ಉಳಿದಿರಲಿಲ್ಲ. ದನಿ ತಗ್ಗಿತ್ತು, ಆದರೂ ಸುತ್ತಲಿದ್ದವರಿಗೆಲ್ಲ ಕೇಳುತ್ತಿತ್ತು.

"ಅಲ್ಲ ಕಣಯ್ಯ, ಆ ಪುಟ್ಟ ಮಿಷನ್ನಿಗೆ ಕೋನ್ ಹೆಂಗೆ ಕೂರಿಸಿದ್ರಿ? ಸ್ಟ್ಯಾಂಡ್ ಎಲ್ಲಿಂದ ತಂದ್ರಿ? ನನ್ನ ಹೆಂಡ್ತಿ ಹತ್ರಾನೂ ಅಂಥದ್ದೊಂದು ಮಿಷನ್ ಇದೆ, ದಾರ ನಿಲ್ಲೋದೇ ಇಲ್ಲ. ಏನು ಮಾಡಿದ್ರಿ, ಹೇಳು. ಹೇಳೋದಕ್ಕೇನು?"

ಕಿಡಿ ಅವರನ್ನು ನೋಡಿದ. ಎರಡು ದಿನದಿಂದ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿತ್ತು, ಒಂದಕ್ಕಿಂತ ಒಂದು ಖಾರ. ಮಾಸ್ಟರು ಕೇಳಿದ್ದಕ್ಕೆ ಉತ್ತರವೂ ಇತ್ತು. ಒಂದು ಬೆರಳು ಮೇಲೆತ್ತಿ ತೋರಿಸಿದರೆ ಮುಗಿಯುವಷ್ಟು ಸಣ್ಣ ಉತ್ತರ. ಬಾಗಿಲಲ್ಲಿ ಅಕ್ಕ ಎರಡನೇ ಗಂಟಿಗೆ ಕೈ ಹಚ್ಚಿ, "ಬಾರೋ, ಹೊತ್ತಾಯ್ತು," ಎಂದಳು.

"ಏಯ್, ನಿನ್ನೇ ಕೇಳಿದ್ದು," ಎಂದರು ಮಾಸ್ಟರು.

ಕಿಡಿ ಗಂಟನ್ನು ಹೆಗಲಿಗೆ ಎಸೆದುಕೊಂಡ. ಭಾರಕ್ಕೆ ಒಮ್ಮೆ ಓಲಾಡಿ, ಕಾಲು ಗಟ್ಟಿ ಮಾಡಿಕೊಂಡು, ಮಾಸ್ಟರ ಪಕ್ಕದಿಂದಲೇ ಹಾದು, ಹಬೆಯಿಂದ ಹೊರಗೆ ಬಿಸಿಲಿಗೆ ನಡೆದ.